ಹಿತ್ತಲಿನ ಈಜುಕೊಳ ಮತ್ತು ಅಡಿಯಲ್ಲಿದ್ದ ನೀರು

ಫೋನ್ ಮಾಡಿದಾಗಲೆಲ್ಲ ತಂಗಿ ಕೇಳುತ್ತಾಳೆ, "ಅಣ್ಣ, ಸ್ವಿಮ್ಮಿಂಗ್ ಪೂಲ್ ಶುರು ಆಯ್ತಾ?" ಈ ದೇಶಕ್ಕೆ ಬಂದು ಮನೆ ಕೊಂಡಾಗಿನಿಂದ ನಮಗೆ ಅದೊಂದು ಆಸೆ. ಇಲ್ಲಿ ಕೂಲಿ ಜಾಸ್ತಿ. ಹಾಗಾಗಿ ಪೂರ್ತಿ ಗುತ್ತಿಗೆ ಕೊಡದೆ, ನಾವೇ ಮುಂದೆ ನಿಂತು ಕಟ್ಟಿಸಿದರೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ಹಾಕಲು ಕೂತೆವು.

ಕೊಳದಲ್ಲಿ ಮುಖ್ಯವಾಗಿ ಮೂರು ಬಗೆ. ವಿನೈಲ್ ಅನ್ನೋ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು ಶುರುವಿಗೆ ಅಗ್ಗ, ಆದರೆ ಹತ್ತು ವರ್ಷದ ಆಸುಪಾಸಿನಲ್ಲಿ ಹಾಳೆ ಬದಲಿಸಬೇಕು. ಫೈಬರ್‌ಗ್ಲಾಸ್ ತೊಟ್ಟಿ ಸಿದ್ಧವಾಗಿಯೇ ಬರುತ್ತದೆ, ಅದನ್ನು ಕ್ರೇನ್‌ನಲ್ಲಿ ಇಳಿಸಲು ಜಾಗ ಬೇಕು. ಕಾಂಕ್ರೀಟ್ ಆದರೆ ಬೇಕಾದ ಆಕಾರ, ಆದರೆ ತಿಂಗಳುಗಟ್ಟಲೆ ಕೆಲಸ. ಒಳಗಿನ ಗಾರೆಯನ್ನೂ ಹತ್ತು-ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು.

ನಾನು ಮರೆತಿದ್ದು ಮಣ್ಣನ್ನು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ ಅಂದರೆ 48 ಘನ ಮೀಟರ್. ನೀರಾದರೆ 48,000 ಲೀಟರ್. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬಿತು ಅಂತಿಟ್ಟುಕೊಳ್ಳಿ, ಅದು 60 ಘನ ಮೀಟರ್! ಲಾರಿಗೆ 10 ಘನ ಮೀಟರ್ ಹಿಡಿದರೂ ಆರು ಲೋಡು. ಅಗೆದಿದ್ದಕ್ಕೆ ದುಡ್ಡು, ಸಾಗಿಸಿದ್ದಕ್ಕೆ ದುಡ್ಡು, ಸುರಿದಿದ್ದಕ್ಕೂ ದುಡ್ಡು.

ಮಣ್ಣು ಹೇಗಿದೆ ನೋಡೋಣ ಅಂತ ಒಂದು ಶನಿವಾರ ಹಾರೆ ಹಿಡಿದು ನಾನೇ ಗುಂಡಿ ತೋಡಿದೆ. ಎದೆಮಟ್ಟ ಆಗುವಷ್ಟರಲ್ಲಿ ಕತ್ತಲಾಯಿತು. ಬೆಳಗ್ಗೆ ಹೆಂಡತಿ ಕೂಗಿದಳು, "ರೀ, ಇಲ್ಲಿ ಬನ್ನಿ, ಗುಂಡೀಲಿ ನೀರು ಬಂದಿದೆ." ರಾತ್ರಿ ಮಳೆ ಬಂದಿರಲಿಲ್ಲ. ಪಕ್ಕದ ಜೇಡಿಮಣ್ಣಿನಿಂದ ಸಣ್ಣಗೆ ಒಸರಿ, ತಳದಲ್ಲಿ ಒಂದು ಗೇಣು ಕೆಂಪು ನೀರು ನಿಂತಿತ್ತು.

ಇದು ಸಣ್ಣ ವಿಷಯ ಅಲ್ಲ. ಕೊಳ ತುಂಬಿದ್ದರೆ ಒಳಗಿನ ನೀರಿನ ಭಾರ ಅದನ್ನು ಒತ್ತಿ ಹಿಡಿಯುತ್ತದೆ. ರಿಪೇರಿಗೆಂದು ಖಾಲಿ ಮಾಡಿದಾಗ ಅಂತರ್ಜಲ ಮೇಲೆ ಇದ್ದರೆ, ಇಡೀ ತೊಟ್ಟಿ ದೋಣಿಯಂತೆ ಮೇಲಕ್ಕೆ ಏಳಬಹುದು. ಅದಕ್ಕೆ ತಳದಲ್ಲಿ ಜಲ್ಲಿ, ನೀರು ಹೊರಹೋಗುವ ಪೈಪು, ಒತ್ತಡ ಬಿಡುವ ವಾಲ್ವ್ ಎಲ್ಲ ಬೇಕು. ಅಗೆಯುವಾಗಲೂ ಪಂಪ್ ಓಡುತ್ತಲೇ ಇರಬೇಕು. ನಮ್ಮ ಅಂದಾಜಿನಲ್ಲಿ ಇದ್ಯಾವುದೂ ಇರಲಿಲ್ಲ.

ಕಟ್ಟಿದ ಮೇಲಿನ ಖರ್ಚು ಬೇರೆ. ಫಿಲ್ಟರ್ ಪಂಪ್ ದಿನವೂ ಗಂಟೆಗಟ್ಟಲೆ ಓಡಬೇಕು. ವೇಗ ಬದಲಿಸಬಹುದಾದ ಪಂಪ್‌ಗೆ ಬೆಲೆ ಜಾಸ್ತಿ, ಆದರೂ ನಾನು ಅದನ್ನೇ ತಗೊಳ್ಳುತ್ತೇನೆ. ವೇಗ ಅರ್ಧಕ್ಕಿಳಿದರೆ ವಿದ್ಯುತ್ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿದರೂ ಲಾಭವೇ. ಮೇಲೆ ಹೊದಿಕೆ ಹಾಕಿದರೆ ನೀರು ಆವಿಯಾಗುವುದು ಕಡಿಮೆ, ಬಿಸಿಯೂ ಉಳಿಯುತ್ತದೆ. ಕ್ಲೋರಿನ್ ನೋಡುತ್ತಿರಬೇಕು, ನೀರಿನ ಆಮ್ಲ-ಕ್ಷಾರದ ಮಟ್ಟ ತೋರಿಸುವ ಪಿಎಚ್ 7.2ರಿಂದ 7.8ರ ಒಳಗಿರಬೇಕು.

ಅಗೆಯುವುದು, ಸುತ್ತಲಿನ ಕಲ್ಲು ಹಾಸುವುದರಲ್ಲಿ ಸ್ವಂತ ದುಡಿಮೆಯಿಂದ ಉಳಿಸಬಹುದು. ಕರೆಂಟಿನ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ನೀರಿನ ಪಕ್ಕದ ಅರ್ತಿಂಗ್ ತಪ್ಪಿದರೆ ಜೀವಕ್ಕೇ ಅಪಾಯ. ಬೇಲಿಯೂ ಹಾಗೇ. ನಮ್ಮ ಮಗನಿಗೆ ಈಗ ನಾಲ್ಕು ವರ್ಷ. ನಾಲ್ಕೂ ಕಡೆ ಬೇಲಿ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು, ಚಿಲಕ ಅವನ ಕೈಗೆ ಎಟುಕದಷ್ಟು ಎತ್ತರದಲ್ಲಿ. ಮಿಕ್ಕಿದ್ದರಲ್ಲಿ ಚೌಕಾಸಿ ಮಾಡೋಣ, ಇದರಲ್ಲಿ ಬೇಡ.

ಕೊಳದ ಜಾಗ ಗುರುತು ಮಾಡಲು ಹಾಕಿದ ಗೂಟ, ದಾರ ಹಿತ್ತಲಲ್ಲಿ ಹಾಗೇ ಇವೆ. ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಭಾರ ಇಟ್ಟಿದ್ದೇನೆ. ವಾರಕ್ಕೊಮ್ಮೆ ಹಲಗೆ ಸರಿಸಿ, ಕೋಲು ಇಳಿಸಿ ನೀರಿನ ಮಟ್ಟ ಬರೆದಿಡುತ್ತೇನೆ. ಒಂದು ವರ್ಷದ ಅಳತೆ ಕೈಯಲ್ಲಿರಲಿ, ಆಮೇಲೆ ಗುತ್ತಿಗೆದಾರರನ್ನು ಕರೆಯೋಣ ಅಂತ ಇಬ್ಬರೂ ತೀರ್ಮಾನ ಮಾಡಿದ್ದೇವೆ. ತಂಗಿಗೂ ಅದನ್ನೇ ಹೇಳಿದೆ.