ಕ್ರೈಸ್ಟ್‌ಚರ್ಚ್: ಕೆಡವುವ ಮುಂಚೆ ಒಂದು ಫೋಟೊ

2011ರ ಫೆಬ್ರವರಿ 22ರ ಭೂಕಂಪದಲ್ಲಿ ಇಲ್ಲಿ, ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ, 185 ಜನ ಸತ್ತರು. ಆಮೇಲೆ ಶುರುವಾಯಿತು ಹಾಳಾದ ಕಟ್ಟಡಗಳನ್ನು ಕೆಡವುವ ಕೆಲಸ, ವರ್ಷಗಟ್ಟಲೆ. ಬೇಲಿ ಸಂದಿಯಿಂದಲೇ ಫೋಟೊ ತೆಗೆಯುತ್ತಿದ್ದೆ. ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದ್ದರೆ ಒಳಗೆ ಹೋಗುವ ಹಾಗಿರಲಿಲ್ಲ; ಪಕ್ಕದಲ್ಲೇ ರಕ್ಷಣಾ ತಂಡದವರು ಸ್ಪ್ರೇ ಪೇಂಟಲ್ಲಿ ಗೀಚಿದ ಗುರುತು. 26 ಮಹಡಿಯ ಗ್ರ್ಯಾಂಡ್ ಚಾನ್ಸೆಲರ್ ಹೋಟೆಲ್ ವಾಲಿ ನಿಂತಿತ್ತು. ಸಿಡಿಮದ್ದು ಇಟ್ಟು ಉರುಳಿಸಿರಬೇಕು ಅಂದುಕೊಳ್ಳುತ್ತೀರಿ ಅಲ್ವಾ? ಇಲ್ಲ, ಮೇಲಿನಿಂದ ಒಂದೊಂದೇ ಮಹಡಿ ಬಿಚ್ಚುತ್ತಾ ಬಂದರು. ಸಿಡಿಮದ್ದು ಇಟ್ಟಿದ್ದು 2013ರ ಆಗಸ್ಟ್‌ನಲ್ಲಿ, ರೇಡಿಯೊ ನೆಟ್‌ವರ್ಕ್ ಹೌಸ್ ಅನ್ನುವ ಇನ್ನೊಂದು ಕಟ್ಟಡಕ್ಕೆ. ಕೆಲವೇ ಸೆಕೆಂಡಲ್ಲಿ ನೆಲಸಮ. ಅಕ್ಕಪಕ್ಕದ್ದೂ ಹೋಗಿ ಎಲ್ಲೆಡೆ ಜಲ್ಲಿ ಹಾಸಿದ ಪಾರ್ಕಿಂಗ್ ಆದ ಮೇಲೆ, ಫೋಟೊದಲ್ಲಿರುವುದು ಯಾವ ಮೂಲೆ ಅಂತ ಹೇಳುವುದು ತುಂಬಾ ಕಷ್ಟ. ಹಾಗಾಗಿ ಫೋಟೊ ತೆಗೆಯುವವರು ಬೀದಿ ಫಲಕವನ್ನೂ ಸೇರಿಸಿಕೊಳ್ಳಿ, ತಾರೀಖು ಬರೆದಿಡಿ.