ಕೋಗಿಲೆ ಎರಡು, ಕೌಜುಗ ಒಂದೇ: ಬ್ಯಾಕಪ್ ಉಬ್ಬಿದ್ದು ಯಾಕೆ?

ಮೂರು ವಾರದ ತಲೆನೋವು ನಿನ್ನೆ ರಾತ್ರಿ ಬಿಟ್ಟಿತು. ನನ್ನ ಫೋಟೋ ಸಂಗ್ರಹ 3.8 ಟಿಬಿ. ನ್ಯಾಸ್‌ನಲ್ಲಿ (ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿದ ಡಿಸ್ಕುಗಳ ಪೆಟ್ಟಿಗೆ) ಅದು 5.1 ಟಿಬಿ ಆಗಿ ಕೂತಿತ್ತು. ಹೊಸದಾಗಿ ಒಂದು ಫೋಟೋ ಕೂಡ ಸೇರಿಸಿರಲಿಲ್ಲ.

ಒಂದು ಹೋದರೆ ಇನ್ನೊಂದಿರಲಿ ಅಂತ ಫೋಟೋಗಳನ್ನು ಮೂರು ಪ್ರತಿ ಇಟ್ಟಿದ್ದೇನೆ. ಮೂಲ ಪ್ರತಿ ಲಿನಕ್ಸ್ ನ್ಯಾಸ್‌ನಲ್ಲಿ, ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇಎಕ್ಸ್‌ಟಿ4. ಎರಡನೆಯದು ಮ್ಯಾಕ್‌ಗೆ ಸಿಕ್ಕಿಸುವ ಹಳೆಯ ಡಿಸ್ಕಿನಲ್ಲಿ, ಅದರ ಫೈಲ್ ಸಿಸ್ಟಮ್ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್. ನ್ಯಾಸ್‌ನ ಒಂದು ಡಿಸ್ಕ್ ಕೈಕೊಟ್ಟಿತು. ಏನಾದರೂ ಕಳೆದುಹೋಗಿದ್ದರೆ ವಾಪಸ್ ಬರಲಿ ಅಂತ ಮ್ಯಾಕ್ ಕಡೆಯಿಂದ ಆರ್‌ಸಿಂಕ್ (ಎರಡು ಕಡೆಯ ಫೈಲು ಹೋಲಿಸಿ ಇಲ್ಲದ್ದನ್ನು ಕಾಪಿ ಮಾಡುವ ಪ್ರೋಗ್ರಾಂ) ಓಡಿಸಿದೆ. ಉಬ್ಬಿದ್ದು ಆಗಲೇ.

ಮೊದಲ ಅನುಮಾನ ಬದಲಿ ಡಿಸ್ಕಿನ ಮೇಲೆ. ಅದು ಎಸ್‌ಎಂಆರ್ ಎಂಬ ಬಗೆಯ ಡಿಸ್ಕ್ ಅಂತ ಮಾರಿದವರು ಎಲ್ಲೂ ಬರೆದಿರಲಿಲ್ಲ. ಅದರಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳು ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವ ರೀಬಿಲ್ಡ್‌ಗೆ ಆರು ದಿನ ಹಿಡಿಯಿತು. ಕೇಳಿದರೆ "ಸ್ಟಾಕ್‌ನಲ್ಲಿ ಇರೋದು ಅದೇ" ಎಂಬ ಉತ್ತರ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಈ ತೊಂದರೆಗೆ ಕಾರಣ ಅದಲ್ಲ.

ಪಟ್ಟಿ ತೆಗೆದು ನೋಡಿದೆ. 'ಕೋಗಿಲೆ' ಫೋಲ್ಡರ್ ಎರಡು. 'ಕೊಕ್ಕರೆ' ಎರಡು, 'ಮೈನಾ' ಎರಡು, 'ಜೇಡ' ಎರಡು, 'ನೀರು' ಎರಡು. 'ಗಿಳಿ', 'ಹದ್ದು', 'ಕೌಜುಗ' ಮಾತ್ರ ಒಂದೊಂದೇ. ಕಣ್ಣಿಗೆ ಎರಡೂ ಕೋಗಿಲೆ ಒಂದೇ ಥರ. ಹೆಕ್ಸ್‌ನಲ್ಲಿ (ಹೆಸರಿನ ಹಿಂದಿರುವ ಬೈಟುಗಳನ್ನೇ ತೋರಿಸುವ ರೂಪ) ನೋಡಿದರೆ ಒಂದು ಹೆಸರು 18 ಬೈಟ್, ಇನ್ನೊಂದು 24!

ಆಗ ಕಾಗುಣಿತ ನೆನಪಾಯಿತು. ಗುಡಿಸಿನ ದೀರ್ಘ ಅಂತೀವಲ್ಲ, ಎಚ್‌ಎಫ್‌ಎಸ್ ಪ್ಲಸ್ ಅದನ್ನು ಹಾಗೇ ಬಿಡಿಸಿ ಬರೆಯುತ್ತದೆ: ಗುಡಿಸು ಬೇರೆ, ದೀರ್ಘ ಬೇರೆ. 'ಕೋ'ದಲ್ಲಿರುವ ಓತ್ವದ ದೀರ್ಘವಂತೂ ಮೂರು ತುಂಡು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಇದಕ್ಕೆ ಎನ್‌ಎಫ್‌ಡಿ ಎಂದು ಹೆಸರು, ಕೂಡಿಸಿ ಬರೆದರೆ ಎನ್‌ಎಫ್‌ಸಿ. ಕನ್ನಡದಲ್ಲಿ ಹೀಗೆ ಒಡೆಯುವ ಚಿಹ್ನೆಗಳು ಐದೇ: ಈ, ಏ, ಐ, ಒ, ಓ ಕಾರದವು. ಔತ್ವ ಒಡೆಯುವುದಿಲ್ಲ. ಕೌಜುಗ ಬಚಾವಾದದ್ದು ಅದಕ್ಕೇ! ಯೂನಿಕೋಡ್‌ಗೆ ಎರಡು ರೂಪವೂ ಸಮ. ಆದರೆ ಇಎಕ್ಸ್‌ಟಿ4 ನೋಡುವುದು ಬರೀ ಬೈಟುಗಳನ್ನು. ಅದಕ್ಕೆ ಇವು ಎರಡು ಬೇರೆ ಬೇರೆ ಹಕ್ಕಿ.

ಒಡೆದ ಹೆಸರಿನವನ್ನೆಲ್ಲ ಒಂದೇ ಏಟಿಗೆ ಅಳಿಸಲು ಕೈ ಎತ್ತಿದ್ದೆ. ಅಳಿಸದಿದ್ದದ್ದು ಪುಣ್ಯ. ಎಸ್‌ಎಚ್‌ಎ-256 (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ ಬೆರಳಚ್ಚು) ಹೋಲಿಸಿ ನೋಡಿದಾಗ 212 ಫೋಟೋಗಳಿಗೆ ಜೋಡಿಯೇ ಸಿಗಲಿಲ್ಲ. ಡಿಸ್ಕ್ ಹೋದಾಗ ನ್ಯಾಸ್‌ನಿಂದ ನಿಜವಾಗಿ ಕಳೆದುಹೋಗಿದ್ದವು ಅವೇ. ಮ್ಯಾಕ್ ಡಿಸ್ಕಿನಿಂದ ಒಡೆದ ಹೆಸರಲ್ಲಿ ವಾಪಸ್ ಬಂದಿದ್ದವು. ಜೋಡಿ ಇದ್ದವನ್ನು ಮಾತ್ರ ಅಳಿಸಿದೆ. ಉಳಿದವುಗಳ ಹೆಸರನ್ನು ಕಾನ್ವ್‌ಎಂವಿ ಎಂಬ ಹೆಸರು ಬದಲಿಸುವ ಪ್ರೋಗ್ರಾಂನಿಂದ ಎನ್‌ಎಫ್‌ಸಿಗೆ ತಂದೆ. ಎಡಿಟ್ ವಿವರ ಬರೆದಿಡುವ ಎಕ್ಸ್‌ಎಂಪಿ ಫೈಲುಗಳ ಹೆಸರನ್ನೂ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಎಡಿಟ್‌ಗಳು ಫೋಟೋದಿಂದ ಕಳಚಿಕೊಳ್ಳುತ್ತವೆ.

ಇನ್ನು ಮುಂದೆ ಆರ್‌ಸಿಂಕ್‌ಗೆ ಐಕಾನ್ವ್ ಆಯ್ಕೆ ಕಡ್ಡಾಯ, ಹೆಸರುಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವುದು ಅದೇ. ಮ್ಯಾಕ್ ಕಡೆಯಿಂದ ಓಡಿಸುವಾಗ ಮೊದಲು ಯುಟಿಎಫ್-8-ಮ್ಯಾಕ್ (ಮ್ಯಾಕಿನ ಒಡೆದ ರೂಪ), ಆಮೇಲೆ ಯುಟಿಎಫ್-8 (ನ್ಯಾಸ್‌ನದು). ಕಳಿಸುವಾಗಲೂ ತರುವಾಗಲೂ ಅದೇ ಕ್ರಮ. ಮ್ಯಾಕ್ ಜೊತೆ ಬರುತ್ತಿದ್ದ ಹಳೆಯ ಆರ್‌ಸಿಂಕ್ 2.6.9ರಲ್ಲಿ ಈ ಆಯ್ಕೆ ಇಲ್ಲ, 3.0 ಅಥವಾ ಅದರ ನಂತರದ್ದು ಬೇಕು.

ಸುಮ್ನೆ ಇಂಗ್ಲಿಷ್‌ನಲ್ಲಿ ಹೆಸರಿಡು ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಹಕ್ಕಿಯನ್ನು ಯಾವ ಹೆಸರಲ್ಲಿ ಕರೆಯುತ್ತೇನೋ ಅದೇ ಹೆಸರಲ್ಲಿ ಹುಡುಕಬೇಕು, ಅಲ್ವಾ? ಮುಂದಿನ ಕೆಲಸ ಅಪ್ಪನ 35 ಮಿಮೀ ನೆಗೆಟಿವ್‌ಗಳು. ಮ್ಯಾಕ್ರೋ ಲೆನ್ಸ್‌ನಲ್ಲಿ 1:1ಕ್ಕೆ (ಇದ್ದಷ್ಟೇ ಅಳತೆಗೆ) ತೆಗೆಯುವ ಸ್ಟ್ಯಾಂಡ್ ಅರ್ಧ ಆಗಿದೆ. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ಕಳೆಯುವ ದಾರಿ ಇನ್ನೂ ಹುಡುಕಬೇಕು. ಅವಕ್ಕೂ ಕನ್ನಡದ್ದೇ ಹೆಸರು.

ಇವತ್ತು ಬೆಳಿಗ್ಗೆ ಆರ್‌ಸಿಂಕ್‌ನ ಡ್ರೈ ರನ್ (ಏನನ್ನೂ ಕಾಪಿ ಮಾಡದೆ ಬರೀ ಪಟ್ಟಿ ತೋರಿಸುವ ಪರೀಕ್ಷೆ) ಓಡಿಸಿದೆ. ಕಾಪಿ ಆಗಬೇಕಾದ ಫೈಲುಗಳು: ಸೊನ್ನೆ. ಮನೆಯಾಚೆ ಇಟ್ಟಿರುವ ಮೂರನೇ ಪ್ರತಿಯನ್ನು ಭಾನುವಾರ ತರುತ್ತೇನೆ. ಅದೂ ಇದೇ ಮ್ಯಾಕ್ ಡಿಸ್ಕಿನಿಂದ ಹೋದದ್ದು, ಅಲ್ಲೂ ಒಡೆದ ಹೆಸರುಗಳಿರಬಹುದು.