ಕೆ ಕಾಲಮ್ಮಿನ ಕನ್ನಡ ಸಹಿ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಟ್ಯಾಕ್ಸ್ ರಿಟರ್ನ್ ತಯಾರಿಸುವುದು ನನ್ನ ಕೆಲಸ. ಅಲ್ಲಿನ ಒಂದು ಸಣ್ಣ ಸಿಪಿಎ (ನಮ್ಮ ಸಿಎ ಇದ್ದ ಹಾಗೆ) ಕಚೇರಿಗೆ ನಾವು ನಾಲ್ಕೈದು ಜನ ಇಲ್ಲಿಂದ ದುಡಿಯುತ್ತೇವೆ. ಮಾರ್ಚ್ 15ಕ್ಕೆ ಹಲವು ಸಣ್ಣ ಕಂಪನಿಗಳ ಗಡುವು, ಏಪ್ರಿಲ್ 15ಕ್ಕೆ ವ್ಯಕ್ತಿಗಳದ್ದು. ಯುಗಾದಿ ಯಾವಾಗಲೂ ಈ ಎರಡರ ನಡುವೆಯೇ ಬಂದು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಡಲ್ಲಾಸ್ ಕಡೆಯಿಂದ ಹೊಸ ಕ್ಲೈಂಟ್ ಬಂದರು. ಹಾಸನದವರು, ಸಾಫ್ಟ್‌ವೇರ್ ಕನ್ಸಲ್ಟೆಂಟ್, ಗ್ರೀನ್ ಕಾರ್ಡ್ ಇತ್ತು. ನೌಕರಿ ಬಿಟ್ಟು ಸ್ವಂತ ಕಂಪನಿ ಮಾಡಿದ್ದರು. ಟೆಕ್ಸಾಸಿನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಫಾರ್ಮ್ 201, ಜೊತೆಗೆ 300 ಡಾಲರ್, ಕಾರ್ಪೊರೇಷನ್ ಹುಟ್ಟಿತು. ಆದರೆ ಅಷ್ಟಕ್ಕೇ ಬಿಟ್ಟರೆ ಅದು ಮಾಮೂಲಿ ಸಿ ಕಾರ್ಪ್: ಲಾಭದ ಮೇಲೆ ಕಂಪನಿ 21 ಪರ್ಸೆಂಟ್ ಕಟ್ಟಬೇಕು, ಉಳಿದದ್ದನ್ನು ಮಾಲೀಕ ಡಿವಿಡೆಂಡ್ ಎಂದು ತೆಗೆದುಕೊಂಡರೆ ಅವನು ಮತ್ತೆ ಕಟ್ಟಬೇಕು. ಸಣ್ಣ ಕಂಪನಿಗಳಿಗೆ ಈ ಎರಡು ಹೊಡೆತ ಬೇಡವೆಂದು 1958ರಲ್ಲಿ ತಂದ ವ್ಯವಸ್ಥೆಯೇ ಎಸ್ ಕಾರ್ಪ್. ಲಾಭ ಕಂಪನಿಯನ್ನು ಹಾದು ಕೆ-1 ಎಂಬ ಹಾಳೆಯ ಮೂಲಕ ನೇರ ಮಾಲೀಕರ ವೈಯಕ್ತಿಕ ರಿಟರ್ನಿಗೆ ಹೋಗುತ್ತದೆ, ತೆರಿಗೆ ಅಲ್ಲಿ ಒಂದೇ ಸಲ. ಸಂಬಳದ ಮೇಲೆ ಬೀಳುವ 15.3 ಪರ್ಸೆಂಟ್ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಲಾಭದ ಹಂಚಿಕೆಯ ಮೇಲೆ ಬೀಳುವುದಿಲ್ಲ. ಎಲ್ಲರ ಕಣ್ಣೂ ಇರುವುದು ಇದರ ಮೇಲೆಯೇ.

ಇದಕ್ಕಾಗಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕೊಡಬೇಕಾದದ್ದು ಫಾರ್ಮ್ 2553. ವರ್ಷ ಶುರುವಾಗಿ ಎರಡು ತಿಂಗಳು ಹದಿನೈದು ದಿನದ ಒಳಗೆ. ಅದರ ಎರಡನೇ ಪುಟದಲ್ಲಿ ಷೇರುದಾರರ ಪಟ್ಟಿ ಇರುತ್ತದೆ. ಜೆ ಕಾಲಮ್ಮಿನಲ್ಲಿ ಹೆಸರು ವಿಳಾಸ, ಕೆ ಕಾಲಮ್ಮಿನಲ್ಲಿ ಒಪ್ಪಿಗೆಯ ಸಹಿ, ಎಲ್‌ನಲ್ಲಿ ಷೇರಿನ ಲೆಕ್ಕ, ಎಂ ಕಾಲಮ್ಮಿನಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್. ಟೆಕ್ಸಾಸ್ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ. ಮದುವೆಯಾದ ಮೇಲೆ ದುಡಿದದ್ದು, ಅದರಿಂದ ಕೊಂಡದ್ದು ಗಂಡ ಹೆಂಡತಿ ಇಬ್ಬರದೂ. ಹಾಗಾಗಿ ಷೇರು ಗಂಡನ ಹೆಸರಿನಲ್ಲೇ ಇದ್ದರೂ ಹೆಂಡತಿಯ ಸಹಿ ಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸಹಿ ತರಿಸಿದೆ.

ಸ್ಕ್ಯಾನ್ ಬಂದಾಗ ನೋಡಿದೆ. ಗಂಡನ ಇಂಗ್ಲಿಷ್ ಸಹಿಯ ಕೆಳಗೆ ಹೆಂಡತಿಯದು ದುಂಡಗಿನ ಕನ್ನಡದಲ್ಲಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ವಿಳಾಸ ಹಾಸನದ್ದು. ಎಂ ಕಾಲಮ್ ಖಾಲಿ. ಅಮೆರಿಕದ ಸರ್ಕಾರಿ ಫಾರ್ಮಿನಲ್ಲಿ ಕನ್ನಡ ಕಂಡು ಎಷ್ಟು ಖುಷಿಯಾಯಿತೆಂದರೆ ಪಕ್ಕದ ಸಹೋದ್ಯೋಗಿಯನ್ನೂ ಕರೆದು ತೋರಿಸಿದೆ. ಆ ಖಾಲಿ ಜಾಗ, ಆ ವಿಳಾಸ ಏನು ಹೇಳುತ್ತಿವೆ ಎಂದು ಇಬ್ಬರೂ ಯೋಚಿಸಲಿಲ್ಲ. ನಂಬರ್ ಆಮೇಲೆ ಬರುತ್ತದೆ ಅಂದುಕೊಂಡು ಕಳಿಸಿದೆ.

ಮೇ ತಿಂಗಳಲ್ಲಿ ಐಆರ್‌ಎಸ್‌ನಿಂದ ಸಿಪಿ 261 ಬಂತು. ಎಸ್ ಕಾರ್ಪ್ ಆಯ್ಕೆ ಒಪ್ಪಿದ್ದೇವೆ ಎನ್ನುವ ಪತ್ರ ಅದು. ಅದನ್ನು ಫೈಲಿಗೆ ಹಾಕಿ ನಿಶ್ಚಿಂತೆಯಾಗಿದ್ದೆ. ಆ ಪತ್ರದ ಅರ್ಥ ಫಾರ್ಮ್ ತಲುಪಿ ದಾಖಲಾಗಿದೆ ಎಂದಷ್ಟೆ. ಷೇರುದಾರರು ನಿಜಕ್ಕೂ ಅರ್ಹರೋ ಅಲ್ಲವೋ ಎಂದು ಅಲ್ಲಿ ಯಾರೂ ಮನೆಗೆ ಬಂದು ವಿಚಾರಿಸಿರುವುದಿಲ್ಲ. ಆ ಹೊಣೆ ನಮ್ಮದು.

ಮುಂದಿನ ವರ್ಷ ಮಾರ್ಚ್ ಮೊದಲ ವಾರ, ಎಸ್ ಕಾರ್ಪ್ ರಿಟರ್ನ್ ಆದ 1120-ಎಸ್ ತಯಾರಿಸಿ ರಿವ್ಯೂಗೆ ಕಳಿಸಿದೆ. ಅಲ್ಲಿನ ಹಿರಿಯ ಸಿಪಿಎ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: ಇವರ ಹೆಂಡತಿ ಎಲ್ಲಿದ್ದಾರೆ? ಹಾಸನದಲ್ಲಿ, ವೀಸಾಕ್ಕೆ ಕಾಯುತ್ತಿದ್ದಾರೆ ಎಂದೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು, ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು.

ಎಸ್ ಕಾರ್ಪ್‌ನಲ್ಲಿ 100 ಜನರವರೆಗೆ ಷೇರುದಾರರಿರಬಹುದು, ಆದರೆ ಅನಿವಾಸಿ ವಿದೇಶಿಯರು ಒಬ್ಬರೂ ಇರುವಂತಿಲ್ಲ. ಇಲ್ಲಿ ನೋಡುವುದು ವೀಸಾ ಅಲ್ಲ, ತೆರಿಗೆಯ ನಿವಾಸ. ಎಚ್-1ಬಿ ಮೇಲಿದ್ದು ಅಲ್ಲೇ ವಾಸಿಸುವವರು ಈ ಲೆಕ್ಕದಲ್ಲಿ ನಿವಾಸಿಗಳಾಗಬಹುದು. ಅಮೆರಿಕಕ್ಕೆ ಕಾಲೇ ಇಡದ ಹೆಂಡತಿ ಅನಿವಾಸಿ. ಟೆಕ್ಸಾಸಿನ ಕಾನೂನು ಆಕೆಗೆ ಷೇರಿನಲ್ಲಿ ಹಕ್ಕು ಕೊಟ್ಟಿತ್ತು. ಆ ಹಕ್ಕಿನಿಂದಲೇ ಕಂಪನಿ ಅನರ್ಹವಾಯಿತು. ಅಂದರೆ ಆಯ್ಕೆ ಮೊದಲ ದಿನದಿಂದಲೇ ಅಸಿಂಧು. ನಾನು ಅಷ್ಟು ಶ್ರದ್ಧೆಯಿಂದ ತರಿಸಿದ ಸಹಿಯೇ ಅದಕ್ಕೆ ಪುರಾವೆ.

ಅವರು ನ್ಯೂಜೆರ್ಸಿಯಲ್ಲಿದ್ದಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಕಮ್ಯುನಿಟಿ ಪ್ರಾಪರ್ಟಿ ಇರುವುದು ಒಂಬತ್ತು ರಾಜ್ಯಗಳಲ್ಲಿ. ನಮ್ಮವರು ಹೆಚ್ಚಿರುವ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮೂರೂ ಅದರಲ್ಲಿವೆ. ಭಾರತದಲ್ಲಿ ಗೋವಾದಂಥ ಒಂದೆರಡು ಕಡೆ ಬಿಟ್ಟರೆ ಇಂಥ ಪದ್ಧತಿ ಇಲ್ಲ. ಅದಕ್ಕೇ ನಮ್ಮ ತಲೆಗೆ ಇದು ತಟ್ಟನೆ ಬರುವುದಿಲ್ಲ.

ಕ್ಲೈಂಟಿಗೆ ನಾನೇ ಫೋನ್ ಮಾಡಿ ಹೇಳಿದೆ. ಕನ್ನಡದಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು, ಮನೆಯವರಿಗೆ ಹೇಳಿದ ಹಾಗೆ. ಗೊತ್ತಿಲ್ಲದೆ ಆದ ತಪ್ಪಿಗೆ ಐಆರ್‌ಎಸ್ ಹತ್ತಿರ ಪ್ರೈವೇಟ್ ಲೆಟರ್ ರೂಲಿಂಗ್, ಅಂದರೆ ನಮ್ಮ ಪ್ರಕರಣಕ್ಕಷ್ಟೇ ಅನ್ವಯಿಸುವ ಲಿಖಿತ ತೀರ್ಮಾನ, ಕೇಳುವ ದಾರಿ ಇತ್ತು, ಆದರೆ ಅದರ ಶುಲ್ಕ, ವಕೀಲರ ಖರ್ಚು ಒಬ್ಬನೇ ದುಡಿಯುವ ಕಂಪನಿಗೆ ತಾಳುವಂಥದ್ದಲ್ಲ. ಮೊದಲ ವರ್ಷಕ್ಕೆ ಸಿ ಕಾರ್ಪ್ ಆಗಿ ಫಾರ್ಮ್ 1120 ಹಾಕಿದೆವು. ಅವರು ಲಾಭದ ಹಂಚಿಕೆ ಎಂದು ತೆಗೆದುಕೊಂಡಿದ್ದ ಹಣ ಡಿವಿಡೆಂಡ್ ಆಯಿತು. ತಪ್ಪಿಸಬೇಕೆಂದಿದ್ದ ಎರಡು ಹೊಡೆತವೂ ಬಿತ್ತು.

ಟೆಕ್ಸಾಸಿನಲ್ಲಿ ಗಂಡ ಹೆಂಡತಿ ಬರವಣಿಗೆಯಲ್ಲಿ ಒಪ್ಪಿ ಈ ಜಂಟಿ ಆಸ್ತಿಯನ್ನು ಪಾಲು ಮಾಡಿಕೊಳ್ಳಬಹುದು. ವಕೀಲರು ಷೇರುಗಳೆಲ್ಲ ಗಂಡನ ಪ್ರತ್ಯೇಕ ಆಸ್ತಿ ಎಂದು ಕರಾರು ಬರೆದರು. ಅಲ್ಲಿ ಪ್ರತ್ಯೇಕ ಆಸ್ತಿಯಿಂದ ಬರುವ ಆದಾಯವೂ ಇಬ್ಬರದೇ ಆಗಿಬಿಡುತ್ತದೆ, ಅದನ್ನೂ ಸೇರಿಸಿ ಬರೆದರು. ಅಷ್ಟರಲ್ಲಿ ಮಾರ್ಚ್ ಕಳೆಯಿತು. ಇನ್ನೊಂದು ನಿಯಮ ಎದುರಾಯಿತು: ಆ ವರ್ಷದಲ್ಲಿ ಆಯ್ಕೆಗೆ ಮುಂಚಿನ ಒಂದೇ ಒಂದು ದಿನ ಅನರ್ಹ ಷೇರುದಾರರಿದ್ದರೂ ಎಸ್ ಕಾರ್ಪ್ ಶುರುವಾಗುವುದು ಮುಂದಿನ ಜನವರಿಯಿಂದ. ಹೀಗೆ ಎರಡು ವರ್ಷ ಹೋಯಿತು. ಎರಡನೇ ವರ್ಷ ಲಾಭ ಕಂಪನಿಯಲ್ಲಿ ಉಳಿಯದ ಹಾಗೆ ಹೆಚ್ಚಿನದನ್ನು ಸಂಬಳವಾಗಿ ತೆಗೆಸಿದೆವು.

ಈಗ ಹೊಸ ಕ್ಲೈಂಟ್ ಬಂದರೆ ಸಂಬಳ ಎಷ್ಟಿಡಬೇಕು ಎನ್ನುವುದು ಎರಡನೇ ಮಾತು. ಅದು ಮುಖ್ಯವಲ್ಲ ಎಂದಲ್ಲ. ಅಯೋವಾದ ಡೇವಿಡ್ ವಾಟ್ಸನ್ ಎಂಬ ಅಕೌಂಟೆಂಟ್ ತನಗೆ 24,000 ಡಾಲರ್ ಸಂಬಳ ಇಟ್ಟುಕೊಂಡು ಉಳಿದದ್ದನ್ನು ಲಾಭವಾಗಿ ತೆಗೆದದ್ದಕ್ಕೆ, ನ್ಯಾಯವಾದ ಸಂಬಳ 91,044 ಡಾಲರ್ ಎಂದ ತೀರ್ಪನ್ನು ಮೇಲಿನ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಆದರೆ ಮೊದಲು ನಾನು ಕೇಳುವುದು ಮನೆಯ ಸಮಾಚಾರ. ಮದುವೆ ಯಾವಾಗ ಆಯಿತು, ಹೆಂಡತಿ ಅಥವಾ ಗಂಡ ಎಲ್ಲಿದ್ದಾರೆ, ಊರಲ್ಲಿರುವ ತಮ್ಮನಿಗೆ ಪಾಲು ಕೊಡುವ ಯೋಚನೆ ಇದೆಯೇ, ಅಪ್ಪ ಅಮ್ಮನನ್ನು ನೋಡಿಕೊಳ್ಳಲು ವಾಪಸ್ ಬರುವ ಆಲೋಚನೆ ಇದೆಯೇ. ಕೊನೆಯದನ್ನು ಕೇಳಿದರೆ ಆಶ್ಚರ್ಯಪಡುತ್ತಾರೆ. ಗ್ರೀನ್ ಕಾರ್ಡ್ ಒಪ್ಪಿಸಿ ಮೈಸೂರಿಗೆ ಬಂದು ನೆಲೆಸಿದವರು ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದ ದಿನವೇ ಕಂಪನಿಯ ಎಸ್ ಸ್ಥಾನವೂ ಮುಗಿಯುತ್ತದೆ.

ಹಾಸನದವರ ಎರಡನೇ ಫಾರ್ಮ್ 2553 ಕಳಿಸಿದ್ದೂ ನಾನೇ. ಕೆ ಕಾಲಮ್ಮಿನಲ್ಲಿ ಈ ಸಲ ಒಂದೇ ಸಹಿ, ಗಂಡನದು. ಆ ದುಂಡಗಿನ ಕನ್ನಡ ಸಹಿ ಪಾಲಿನ ಕರಾರಿನ ಕೊನೆಯ ಪುಟದಲ್ಲಿದೆ. ಅದರ ಪ್ರತಿಯನ್ನು ಫೈಲಿನಲ್ಲಿ ಸಿಪಿ 261ರ ಮೇಲೆಯೇ ಇಟ್ಟಿದ್ದೇನೆ.